ಓದುಗರ ಪ್ರಶ್ನೆಗೆ ಉತ್ತರ: ರಾಮ್‌ಸ್ಟೈನ್ ತಂಡದ ಕತ್ತಲೆ, ಬೆಂಕಿ, ನಾಟಕ

ಹಿಂದಿನ ಸಂಚಿಕೆಯಲ್ಲಿ ರಂಗದ ಮೇಲಿನ ಬೆಳಕಿನ ಬಗ್ಗೆ ಬರೆಯುತ್ತ ಜರ್ಮನಿಯ ರಾಮ್‌ಸ್ಟೈನ್ ತಂಡದ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲಿನ ಬೆನ್ನು ಹತ್ತಿವೆ. ಆದ್ದರಿಂದ ಈ ಸಲ ಪೂರ್ತಿ ಜಾಗ ಅದಕ್ಕೇ.

ಪ್ರಶ್ನೆ: ಮೊಬೈಲಿನಲ್ಲಿ ಇವರ ಶೋ ಒಂದರ ತುಣುಕು ನೋಡಿದೆ. ಭಾಷೆ ಒಂದಕ್ಷರ ಅರ್ಥವಾಗಲಿಲ್ಲ, ಆದರೂ ಮೈ ಜುಂ ಎಂದಿತು. ಯಾರು ಇವರು? ಇಂಡಸ್ಟ್ರಿಯಲ್ ರಾಕ್ ಅಂದರೆ ಏನು?
ಪದವಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಆರು ಜನರ ತಂಡ. ಆರೂ ಜನ ಬೆಳೆದದ್ದು ಪೂರ್ವ ಜರ್ಮನಿಯಲ್ಲಿ, ಅಂದರೆ 1990ರಲ್ಲಿ ಭೂಪಟದಿಂದಲೇ ಅಳಿಸಿಹೋದ ದೇಶದಲ್ಲಿ. ಇದನ್ನು ಬಿಟ್ಟು ಅವರನ್ನು ನೋಡಿದರೆ ಬೆಂಕಿ ಮಾತ್ರ ಕಾಣುತ್ತದೆ.

ಹಾಡುವವರು ಟಿಲ್ ಲಿಂಡೆಮನ್. ಮಕ್ಕಳಿಗಾಗಿ ಬರೆಯುತ್ತಿದ್ದ ಕವಿ ವೆರ್ನರ್ ಲಿಂಡೆಮನ್ ಅವರ ಮಗ. ಹುಡುಗನಾಗಿದ್ದಾಗ ಈಜುಗಾರ, ರೋಸ್ಟಾಕ್ ನಗರದ ಕ್ರೀಡಾಶಾಲೆಯಲ್ಲಿ ಪಳಗಿದವರು. ಆಮೇಲೆ ಬುಟ್ಟಿ ಹೆಣೆದು ಬದುಕಿದ್ದೂ ಉಂಟು. ಕೀಬೋರ್ಡ್ ನುಡಿಸುವ ಕ್ರಿಸ್ಟಿಯಾನ್ ಲೊರೆಂಟ್ಸ್ (ಫ್ಲಾಕೆ ಎಂದರೇ ಎಲ್ಲರಿಗೂ ಗೊತ್ತು), ಗಿಟಾರಿನ ಪೌಲ್ ಲಾಂಡರ್ಸ್, ಡ್ರಮ್ಸ್‌ನ ಕ್ರಿಸ್ಟೋಫ್ ಷ್ನೈಡರ್ ಈ ಮೂವರೂ ಫೀಲಿಂಗ್ ಬಿ ಎಂಬ ಪಂಕ್ ತಂಡದಲ್ಲಿದ್ದವರು. ಆ ದೇಶದಲ್ಲಿ ಮನಸ್ಸು ಬಂದ ಕಡೆ ಗಿಟಾರ್ ಹಿಡಿದು ನಿಲ್ಲುವ ಹಾಗಿರಲಿಲ್ಲ. ಸರಕಾರಿ ಸಮಿತಿಯ ಮುಂದೆ ನುಡಿಸಿ ತೋರಿಸಿ, ಪರವಾನಗಿ ಸಿಕ್ಕರೆ ಮಾತ್ರ ಜನರೆದುರು ಕಾರ್ಯಕ್ರಮ. ಇನ್ನೊಬ್ಬ ಗಿಟಾರ್ ವಾದಕ ರಿಷಾರ್ಡ್ ಕ್ರುಸ್ಪೆ 1989ರ ಅಕ್ಟೋಬರ್‌ನಲ್ಲಿ ಬರ್ಲಿನ್ನಿನ ಪ್ರತಿಭಟನೆಯೊಂದರ ನಡುವೆ ಸಿಕ್ಕಿಕೊಂಡು ಜೈಲು ಕಂಡರು, ಬಿಡುಗಡೆಯಾದ ಮೇಲೆ ಹಂಗೇರಿಯ ದಾರಿ ಹಿಡಿದು ದೇಶವನ್ನೇ ಬಿಟ್ಟರು. ಅಷ್ಟರಲ್ಲಿ ಬರ್ಲಿನ್ ಗೋಡೆ ಬಿತ್ತು, ವಾಪಸು ಬಂದರು. ಬೇಸ್ ಗಿಟಾರ್ ಒಲಿವರ್ ರೀಡೆಲ್ ಅವರದು.

ಇನ್ನು ಇಂಡಸ್ಟ್ರಿಯಲ್. 1976ರಲ್ಲಿ ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡ ತನ್ನ ಧ್ವನಿಮುದ್ರಣ ಸಂಸ್ಥೆಗೆ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂದು ಹೆಸರಿಟ್ಟಿತು, ಹೆಸರು ಅಲ್ಲಿಂದ ಹರಡಿತು. 1980ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಐನ್‌ಸ್ಟುರ್ತ್ಸೆಂಡೆ ನೊಯ್‌ಬೌಟನ್ ತಂಡದವರು ಗುಜರಿ ಕಬ್ಬಿಣ, ಡ್ರಿಲ್ ಯಂತ್ರಗಳನ್ನೇ ವಾದ್ಯ ಮಾಡಿಕೊಂಡರು. ಅದೇ ವರ್ಷ ಇಂದಿನ ಸ್ಲೊವೇನಿಯಾದ ಟ್ರ್ಬೊವ್ಲ್ಯೆ ಎಂಬ ಗಣಿ ಊರಿನಲ್ಲಿ ಲೈಬಾಖ್ ಹುಟ್ಟಿತು. ಸಮವಸ್ತ್ರ, ಗಡಸು ದನಿ, ನಗದ ಮುಖ ಇಟ್ಟುಕೊಂಡು ಸರ್ವಾಧಿಕಾರದ ಭಂಗಿಯನ್ನೇ ವೇದಿಕೆಗೆ ತಂದ ತಂಡ. ಯಂತ್ರದ ಲಯ, ಲೋಹದ ಸದ್ದು, ಒಂದೇ ಪೆಟ್ಟನ್ನು ಬಿಡದೆ ಮರಳಿ ಮರಳಿ ಹಾಕುವುದು ಇಂಡಸ್ಟ್ರಿಯಲ್ ಸಂಗೀತದ ಜೀವಾಳ. ಅದಕ್ಕೆ ರಾಕ್ ಗಿಟಾರ್ ಸೇರಿಸಿ ಅಮೆರಿಕದಲ್ಲಿ ಮಿನಿಸ್ಟ್ರಿ, ನೈನ್ ಇಂಚ್ ನೇಲ್ಸ್ ತಂಡಗಳು ದೊಡ್ಡ ಜನಸ್ತೋಮಕ್ಕೆ ಮುಟ್ಟಿಸಿದವು. ರಾಮ್‌ಸ್ಟೈನ್ ಇವರೆಲ್ಲರ ನಂತರದವರು.

1994ರಲ್ಲಿ ಬರ್ಲಿನ್ನಿನ ಹೊಸ ತಂಡಗಳ ಸ್ಪರ್ಧೆಯೊಂದರಲ್ಲಿ ಗೆದ್ದು, ಒಳ್ಳೆಯ ಸ್ಟುಡಿಯೋದಲ್ಲಿ ಹಾಡು ಮುದ್ರಿಸುವ ಅವಕಾಶ ಪಡೆದರು. ಸ್ವೀಡನ್ನಿನ ಯಾಕೋಬ್ ಹೆಲ್‌ನರ್ ನಿರ್ಮಾಪಕರಾಗಿ ಬಂದರು, 1995ರ ಸೆಪ್ಟೆಂಬರ್‌ನಲ್ಲಿ ಮೊದಲ ಆಲ್ಬಮ್ 'ಹೆರ್ಟ್ಸೆಲೈಡ್' ಬಂತು. 1997ರಲ್ಲಿ ಡೇವಿಡ್ ಲಿಂಚ್ ತಮ್ಮ 'ಲಾಸ್ಟ್ ಹೈವೇ' ಚಿತ್ರದಲ್ಲಿ ಇವರ ಎರಡು ಹಾಡು ಬಳಸಿದ್ದೇ ತಡ, ಜರ್ಮನ್ ಬಾರದ ದೇಶಗಳಲ್ಲೂ ಕಿವಿಗಳು ತೆರೆದವು. ಅದೇ ವರ್ಷ 'ಝೇನ್‌ಝುಕ್ಟ್' ಬಂತು. ಅದರ 'ಡು ಹಾಸ್ಟ್' ಹಾಡು ಮುಂದೆ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು. 2010ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಡೆದ ಶೋ ಟಿಕೆಟ್‌ಗಳು ಅರ್ಧ ಗಂಟೆಯೊಳಗೆ ಖಾಲಿ. ಜರ್ಮನ್ ಬಿಟ್ಟು ಇಂಗ್ಲಿಷಿಗೆ ಹೊರಳದೆಯೇ ಇಷ್ಟೂ ಆಯಿತು. ನಿಮ್ಮ ಮೈ ಜುಂ ಎಂದದ್ದರಲ್ಲಿ ಆಶ್ಚರ್ಯವಿಲ್ಲ.

ತಂಡದ ಹೆಸರಿನ ಹಿಂದಿನ ಕತೆ ಕರಾಳ. 1988ರ ಆಗಸ್ಟ್ 28ರಂದು ಪಶ್ಚಿಮ ಜರ್ಮನಿಯ ರಾಮ್‌ಸ್ಟೈನ್ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನ ನಡೆದಾಗ ಇಟಲಿಯ ತಂಡದ ಮೂರು ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ, ಒಂದು ಉರಿಯುತ್ತ ಜನರ ಮೇಲೆ ಬಿತ್ತು. ಸತ್ತವರು 70 ಮಂದಿ. ತಂಡ ಆ ಊರಿನ ಹೆಸರಿಗೆ ಒಂದು ಎಂ ಅಕ್ಷರ ಹೆಚ್ಚಿಗೆ ಸೇರಿಸಿ ಇಟ್ಟುಕೊಂಡಿತು, ದುರಂತದ ಮೇಲೆಯೇ ಒಂದು ಹಾಡನ್ನೂ ಮಾಡಿತು. ಬೆಂಕಿಯ ಮಾತು ಹೆಸರಿನಿಂದಲೇ ಶುರು.

ಪ್ರಶ್ನೆ: ಹತ್ತನೆಯ ತರಗತಿಯಲ್ಲಿರುವ ಮಗ ದಿನವೂ ಇದನ್ನೇ ಕೇಳುತ್ತಾನೆ. ಇವರು ಹಿಟ್ಲರನ ಕಡೆಯವರು ಎಂದು ನೆಂಟರೊಬ್ಬರು ಹೇಳಿದರು. ಹಾಡಿನಲ್ಲಿ ನರಮಾಂಸ ತಿನ್ನುವ ಮಾತೂ ಇದೆಯಂತೆ. ಬಿಡಿಸಬೇಕೇ?
ಗೃಹಿಣಿ, ಹುಬ್ಬಳ್ಳಿ

ಉತ್ತರ: ಅಮ್ಮಾ, ನಿಮ್ಮ ಆತಂಕ ನ್ಯಾಯವಾದದ್ದು. ಎರಡು ಮಾತು ಬೇರೆ ಬೇರೆ ಮಾಡಿ ಹೇಳುತ್ತೇನೆ.

ಹಿಟ್ಲರನ ಕಡೆಯವರು ಎಂಬುದು ಸುಳ್ಳು. ಆ ಮಾತು ಎದ್ದದ್ದಕ್ಕೆ ಕಾರಣ ಮಾತ್ರ ಇದೆ. 1998ರಲ್ಲಿ ಡೆಪೆಷ್ ಮೋಡ್ ತಂಡದ ಹಾಡೊಂದನ್ನು ಇವರು ತಮ್ಮ ರೀತಿಯಲ್ಲಿ ಹಾಡಿದರು. ಅದರ ವಿಡಿಯೋಗೆ 1936ರ ಬರ್ಲಿನ್ ಒಲಿಂಪಿಕ್ಸ್ ಕುರಿತು ಲೆನಿ ರೀಫೆನ್‌ಸ್ಟಾಲ್ ತೆಗೆದ ಚಿತ್ರದ ದೃಶ್ಯಗಳನ್ನು ಬಳಸಿದರು. ರೀಫೆನ್‌ಸ್ಟಾಲ್ ನಾಜಿ ಆಳ್ವಿಕೆಗಾಗಿ ಕ್ಯಾಮೆರಾ ಹಿಡಿದವರು. ಜರ್ಮನಿಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಆ ದೃಶ್ಯಗಳ ಚೆಲುವನ್ನು ತೋರಿಸಿ, ಅದರ ಹಿಂದಿನ ಹೆಣಗಳನ್ನು ತೋರಿಸದೆ ಬಿಟ್ಟದ್ದು ಕೆಟ್ಟ ನಿರ್ಧಾರ ಎಂದೇ ನಾನು ಇವತ್ತಿಗೂ ನಂಬಿದ್ದೇನೆ. ಟೀಕೆಗೆ ಅವರು ಕೊಟ್ಟ ಉತ್ತರ 2001ರ 'ಲಿಂಕ್ಸ್ 2-3-4' ಹಾಡು: ಮೆರವಣಿಗೆಯ ಬೂಟಿನ ಲಯದಲ್ಲೇ ನಿಂತು, ನಮ್ಮ ಹೃದಯ ಇರುವುದು ಎಡಕ್ಕೆ ಎಂದು ಸಾರುವ ಹಾಡು. ಅದರಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್ ಬರೆದ ಕಾರ್ಮಿಕರ ಐಕ್ಯಗೀತೆಯ ನೆರಳಿದೆ. 2019ರ 'ಡಾಯ್ಚ್‌ಲಾಂಡ್' ಇನ್ನೂ ಸ್ಪಷ್ಟ. ಅದರ ವಿಡಿಯೋದಲ್ಲಿ ಜರ್ಮನಿ ಎಂಬ ತಾಯಿಯ ಪಾತ್ರವನ್ನು ಕಪ್ಪು ವರ್ಣದ ನಟಿ ರೂಬಿ ಕಾಮಿ ಮಾಡಿದ್ದಾರೆ. ರೋಮನ್ನರ ಕಾಲದಿಂದ ಪೂರ್ವ ಜರ್ಮನಿಯವರೆಗೆ ಎಲ್ಲ ರಕ್ತವನ್ನೂ ಎದುರಿಗಿಟ್ಟು, ಪ್ರೀತಿಸಬೇಕೆಂದರೂ ಪ್ರೀತಿಸಲಾಗದ ದೇಶದ ಮುಂದೆ ನಿಂತವನ ಸಂಕಟ ಅದರಲ್ಲಿದೆ. ಆದರೂ ಬಿಡುಗಡೆಗೆ ಮುಂಚೆ ಯಾತನಾಶಿಬಿರದ ಖೈದಿಗಳ ವೇಷದ ತುಣುಕನ್ನು ಜಾಹೀರಾತಿನಂತೆ ಹರಿಬಿಟ್ಟದ್ದು ನೊಂದವರನ್ನು ಮತ್ತೆ ನೋಯಿಸಿತು, ಯಹೂದಿ ಸಂಘಟನೆಗಳು ಖಂಡಿಸಿದವು. ಅದು ಸರಿಯಾಗಿತ್ತು ಎಂದು ನಾನು ಹೇಳಲಾರೆ.

ಇನ್ನು ನರಮಾಂಸದ ಮಾತು. ನಿಜ. 2004ರ 'ರೈಝೆ, ರೈಝೆ' ಆಲ್ಬಮ್ಮಿನ 'ಮೈನ್ ಟೈಲ್' ಜರ್ಮನಿಯಲ್ಲಿ ನಡೆದ ಒಂದು ನರಭಕ್ಷಣೆಯ ಪ್ರಕರಣದಿಂದ ಹುಟ್ಟಿದ್ದು. ಇಂಥವು ಇನ್ನೂ ಇವೆ. ಲಿಂಡೆಮನ್ ಹಾಡುಗಳಲ್ಲಿ ಮಾತಾಡುವ 'ನಾನು' ಅವರಲ್ಲ. ಕೊಲೆಗಾರ, ಕಾಮುಕ, ಅನಾಥ, ಹೆಣ, ಹೀಗೆ ಒಂದೊಂದು ಹಾಡಿಗೆ ಒಂದೊಂದು ಪಾತ್ರ. ಪಾತ್ರದ ಒಳಗೆ ಕೂತು, ಹೊರಗಿನಿಂದ ತೀರ್ಪು ಹೇಳದೆ ಹಾಡುತ್ತಾರೆ. ನಾಟಕ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಹದಿನೈದರ ಹುಡುಗನಿಗೆ ಪಾತ್ರ ಯಾವುದು, ಮನುಷ್ಯ ಯಾವುದು ಎಂದು ಯಾರಾದರೂ ಜೊತೆಗೆ ಕೂತು ಹೇಳಬೇಕಾಗುತ್ತದೆ. ಜರ್ಮನಿಯಲ್ಲೇ 2009ರ ಆಲ್ಬಮ್ಮನ್ನು ಒಂದು ಹಾಡು ಮತ್ತು ಒಂದು ಚಿತ್ರದ ಕಾರಣಕ್ಕೆ ಅಪ್ರಾಪ್ತರಿಗೆ ಮಾರದಂತೆ ಸರಕಾರಿ ಮಂಡಳಿ ತಡೆದಿತ್ತು. 2010ರಲ್ಲಿ ಕಲೋನ್ ನ್ಯಾಯಾಲಯ ಆ ತಡೆಯನ್ನು ಎತ್ತಿತು. ನನ್ನ ಸಲಹೆ ಕೇಳುವಿರಾದರೆ: ಬಿಡಿಸಬೇಡಿ, ಆದರೆ ಆ 2009ರ ಆಲ್ಬಮ್ಮನ್ನು ಈಗ ಕೊಡಬೇಡಿ. 'ಮೈನ್ ಹೆರ್ಟ್ಸ್ ಬ್ರೆಂಟ್' ಹಾಡಿನ ಬಗ್ಗೆ ಅವನನ್ನೇ ಕೇಳಿ. ಜರ್ಮನಿಯ ಮಕ್ಕಳು ಮಲಗುವ ಮುಂಚೆ ಟಿವಿಯಲ್ಲಿ ನೋಡುತ್ತಿದ್ದ ನಿದ್ರೆ ತರಿಸುವ ಗೊಂಬೆಯ ಕಾರ್ಯಕ್ರಮದ ಮಾತಿನಿಂದ ಅದು ಶುರುವಾಗಿ, ಮಂಚದ ಕೆಳಗಿನ ಭಯಕ್ಕೆ ಇಳಿಯುತ್ತದೆ. ಅವನಿಗೆ ಅದು ಯಾಕೆ ಇಷ್ಟ ಎಂದು ಅವನ ಬಾಯಿಂದಲೇ ಕೇಳಿದರೆ ನಿಮಗೆ ಮಗನ ಬಗ್ಗೆಯೇ ಏನಾದರೂ ತಿಳಿದೀತು.

ಪ್ರಶ್ನೆ: ನಾನು ರಂಗಶಿಕ್ಷಣ ಪಡೆಯುತ್ತಿದ್ದೇನೆ. ಅಷ್ಟು ಬೆಂಕಿಯನ್ನು ವೇದಿಕೆಯ ಮೇಲೆ ಹೇಗೆ ಹತೋಟಿಯಲ್ಲಿಡುತ್ತಾರೆ? ನಮ್ಮ ನಾಟಕದಲ್ಲಿ ಸ್ವಲ್ಪ ಮಟ್ಟಿಗೆ ಮಾಡಬಹುದೇ?
ರಂಗ ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೆಳಕಿನ ಕೆಲಸ ಮಾಡುವವಳಾದ್ದರಿಂದ ಈ ಪತ್ರಕ್ಕಾಗಿಯೇ ಕಾದಿದ್ದೆ.

ಮೊದಮೊದಲು ಅವರಿಗೂ ಹತೋಟಿ ಇರಲಿಲ್ಲ. 1996ರ ಸೆಪ್ಟೆಂಬರ್ 27ರಂದು ಬರ್ಲಿನ್ನಿನ ಟ್ರೆಪ್ಟೋ ಬಡಾವಣೆಯ ಸಭಾಂಗಣದಲ್ಲಿ ಉರಿಯುತ್ತಿದ್ದ ರಂಗಸಜ್ಜಿಕೆ ಕಳಚಿ ಬಿತ್ತು. ಅಲ್ಲಿಂದಾಚೆಗೆ ಬೆಂಕಿಯ ಹೊಣೆ ವೃತ್ತಿಪರರ ಕೈಗೆ ಹೋಯಿತು. ಲಿಂಡೆಮನ್ ತಾವೇ ಕಲಿತು ಪೈರೋಟೆಕ್ನಿಕ್ಸ್ (ವೇದಿಕೆಯ ಬೆಂಕಿ, ಸಿಡಿಮದ್ದಿನ ಕೆಲಸ) ಪರವಾನಗಿ ಪಡೆದರು. ಹೀಗಾಗಿ ಬೆಂಕಿ ಹೊತ್ತ ಕೋಟು ತೊಟ್ಟು ನಿಲ್ಲುವವನಿಗೆ ಅದು ಎಷ್ಟು ಹೊತ್ತು, ಯಾವ ದಿಕ್ಕಿಗೆ ಉರಿಯುತ್ತದೆ ಎಂಬ ಲೆಕ್ಕ ಸ್ವತಃ ಗೊತ್ತು.

ಮುಖಕ್ಕೆ ಕಟ್ಟಿಕೊಂಡ ಕವಚದಿಂದ ಬೆಂಕಿ ಉಗುಳುವುದನ್ನು ನೀವು ನೋಡಿರಬಹುದು. ಅಲ್ಲಿ ಕೆಲಸ ಮಾಡುವುದು ಲೈಕೊಪೋಡಿಯಮ್ ಎಂಬ ಗಿಡದ ಬೀಜಕಣಗಳ ನುಣುಪು ಪುಡಿ. ರಾಶಿ ಹಾಕಿ ಕಡ್ಡಿ ಗೀರಿದರೆ ಅದು ಸರಿಯಾಗಿ ಹತ್ತುವುದೂ ಇಲ್ಲ. ಗಾಳಿಗೆ ತೂರಿದಾಗ ಒಂದೊಂದು ಕಣದ ಸುತ್ತಲೂ ಗಾಳಿ ಸಿಕ್ಕಿ ಭಗ್ಗನೆ ಉಂಡೆಯಾಗಿ ಉರಿಯುತ್ತದೆ, ಕ್ಷಣದಲ್ಲಿ ಆರುತ್ತದೆ. ನಾನು ಕುಂದಾಪುರದ ಕಡೆಯವಳು. ನಮ್ಮಲ್ಲಿ ಯಕ್ಷಗಾನದ ಬಣ್ಣದ ವೇಷ ಬರುವಾಗ ದೊಂದಿಗೆ ರಾಳದ ಪುಡಿ ಎರಚುವುದೂ ಇದೇ ತತ್ತ್ವ. ರಕ್ಕಸ ಮೊದಲು ಬೆಂಕಿಯಲ್ಲಿ ಕಾಣಿಸಬೇಕು, ಮುಖ ಆಮೇಲೆ. ಬರ್ಲಿನ್ನಿನಲ್ಲೂ ಅದನ್ನೇ ಕಂಡೆ.

ಅಲ್ಲಿನ ಒಂದು ರಂಗಮಂದಿರದಲ್ಲಿ ಬೆಳಕಿನ ಕೆಲಸ ಕಲಿಯುತ್ತಿದ್ದಾಗ, 2022ರ ಜೂನ್‌ನಲ್ಲಿ ಒಲಿಂಪಿಕ್ ಕ್ರೀಡಾಂಗಣದ ಶೋಗೆ ಹೋಗಿದ್ದೆ. 1936ರಲ್ಲಿ ರೀಫೆನ್‌ಸ್ಟಾಲ್ ಕ್ಯಾಮೆರಾ ನಿಲ್ಲಿಸಿದ್ದು ಅದೇ ಕಲ್ಲಿನ ಕಂಬಗಳ ನಡುವೆ ಎಂಬುದು ಕೂತಷ್ಟು ಹೊತ್ತೂ ತಲೆಯಿಂದ ಹೋಗಲಿಲ್ಲ. ಬೇಸಿಗೆಯಲ್ಲಿ ಅಲ್ಲಿ ಕತ್ತಲಾಗುವುದು ತೀರ ತಡ. ಶೋ ಶುರುವಾದಾಗ ಇನ್ನೂ ಹಗಲು, ಹಾಗಾಗಿ ಮೊದಲ ಹಾಡುಗಳಲ್ಲಿ ಬೆಂಕಿಗೆ ಜಿಪುಣತನ. ಬಣ್ಣದ ಹೊಗೆ, ಕಪ್ಪು ಕಾಗದದ ಚೂರು, ಕುಣಿತ ಇಷ್ಟರಲ್ಲೇ ನಡೆಸುತ್ತಾರೆ. ಆಕಾಶ ಕಪ್ಪಾಗುತ್ತ ಬಂದ ಹಾಗೆ ಬೆಂಕಿ ಏರುತ್ತದೆ. 'ಮೈನ್ ಟೈಲ್' ಬಂದಾಗ ಲಿಂಡೆಮನ್ ಕಟುಕನ ಏಪ್ರನ್ ಕಟ್ಟಿದ್ದಾರೆ, ಫ್ಲಾಕೆ ದೊಡ್ಡ ಹಂಡೆಯೊಳಗಿದ್ದಾರೆ. ಮೊದಲು ಚಿಕ್ಕ ಜ್ವಾಲಾಯಂತ್ರ ತಂದು ಹಂಡೆಗೆ ಉರಿ ಹಿಡಿಯುತ್ತಾರೆ, ಸಾಲದೆಂದು ಅದಕ್ಕಿಂತ ದೊಡ್ಡದು. ಜನ ನಗುತ್ತಾರೆ. ನರಭಕ್ಷಣೆಯ ಹಾಡಿಗೆ ಕ್ರೀಡಾಂಗಣವೇ ನಗುವುದು ನನಗೆ ಆ ರಾತ್ರಿಯ ಅತ್ಯಂತ ವಿಚಿತ್ರ ಅನುಭವ. ಭಯ ಮತ್ತು ನಗು ಎರಡನ್ನೂ ಒಂದೇ ಗುಕ್ಕಿನಲ್ಲಿ ಕೊಡುವ ಕಲೆ ಅವರಿಗೆ ಸಿದ್ಧಿಸಿದೆ.

ಬೆಳಕಿನವರ ಕಣ್ಣಿಗೆ ಬಿದ್ದ ಒಂದು ಗುಟ್ಟು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. 'ಝೋನೆ' ಹಾಡಿನಲ್ಲಿ ಜ್ವಾಲೆಯ ಕಂಬಗಳು ಏಳುವ ಮುಂಚೆ ವಿದ್ಯುತ್ ದೀಪಗಳು ತಗ್ಗುತ್ತವೆ. ಕಣ್ಣಿನ ಪಾಪೆ ಕತ್ತಲೆಗೆ ಹಿಗ್ಗಿದ ಹೊತ್ತಿಗೆ ಬೆಂಕಿ ಏಳುತ್ತದೆ, ಅದಕ್ಕೇ ಅದು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹ್ಯಾಲೊಜನ್ ದೀಪದ ಬೆಳಕು ಸುಮಾರು 3,200 ಕೆಲ್ವಿನ್ (ಬೆಳಕಿನ ಬಣ್ಣ ಅಳೆಯುವ ಮಾನ, ಕಡಿಮೆಯಾದಷ್ಟೂ ಕೆಂಪು), ಮೇಣದ ಬತ್ತಿಯದು ಸುಮಾರು 1,900. ಬೆಂಕಿಯ ಆ ಕೆಂಪು ಹಳದಿ ಮೈಬಣ್ಣವನ್ನು ತಣ್ಣಗಿನ ಬಿಳಿ ದೀಪದ ಪಕ್ಕ ಇಟ್ಟರೆ ಮಾತ್ರ ಉರಿ ಉರಿಯಾಗಿ ತೋರುತ್ತದೆ. ದೂರದ ಮೆಟ್ಟಿಲಲ್ಲಿ ಕೂತವರ ಕೆನ್ನೆಗೂ ಶಾಖ ತಟ್ಟುತ್ತಿತ್ತು, ಅದನ್ನು ಯಾವ ವಿಡಿಯೋವೂ ಕೊಡದು. ಅಷ್ಟೆಲ್ಲ ಆದ ಮೇಲೆ 'ಎಂಗೆಲ್' ಹಾಡನ್ನು ಜನರ ನಡುವಿನ ಪುಟ್ಟ ವೇದಿಕೆಯಲ್ಲಿ ಬರೀ ಪಿಯಾನೋ ಇಟ್ಟುಕೊಂಡು ಹಾಡಿ, ರಬ್ಬರ್ ದೋಣಿಗಳಲ್ಲಿ ಕೂತು ಜನರ ತಲೆಯ ಮೇಲೆ ತೇಲಿಕೊಂಡು ಮುಖ್ಯ ವೇದಿಕೆಗೆ ಮರಳಿದರು. ಜೋರು ಎಲ್ಲಿ ನಿಲ್ಲಬೇಕು ಎಂಬ ತಿಳಿವಳಿಕೆ ಜೋರಿನಷ್ಟೇ ದೊಡ್ಡದು.

ನಿಮ್ಮ ನಾಟಕದ ವಿಷಯಕ್ಕೆ ಬಂದರೆ, ಮುಚ್ಚಿದ ಸಭಾಂಗಣದಲ್ಲಿ ಬೇಡ. ಖಂಡಿತ ಬೇಡ. 2003ರ ಫೆಬ್ರುವರಿಯಲ್ಲಿ ಅಮೆರಿಕದ ರೋಡ್ ಐಲೆಂಡಿನ ಕ್ಲಬ್ಬೊಂದರಲ್ಲಿ ರಾಕ್ ತಂಡವೊಂದು ಹಾರಿಸಿದ ಕಿಡಿ ಗೋಡೆಯ ಸದ್ದು ತಡೆಯುವ ಫೋಮಿಗೆ ಹತ್ತಿ 100 ಜನ ಸತ್ತರು. 2013ರ ಜನವರಿಯಲ್ಲಿ ಬ್ರೆಜಿಲ್‌ನ ಸಾಂಟಾ ಮರಿಯಾದಲ್ಲಿ ಅದೇ ಕಾರಣಕ್ಕೆ 242 ಜನ, ಬಹುಪಾಲು ವಿದ್ಯಾರ್ಥಿಗಳು. ಎರಡೂ ಕಡೆ ಕೊಂದದ್ದರಲ್ಲಿ ಉರಿಗಿಂತ ಫೋಮಿನ ವಿಷದ ಹೊಗೆಯ ಪಾಲು ದೊಡ್ಡದು. ಬೆಂಕಿಯ ಭಾವ ಬೇಕಿದ್ದರೆ ಕೆಳಗಿನಿಂದ ಬೀಳುವ ಅಂಬರ್ ಬಣ್ಣದ ದೀಪ, ಎರಡು ಮೂರು ಡಿಮ್ಮರ್‌ಗಳನ್ನು ಬೇರೆ ಬೇರೆ ವೇಗದಲ್ಲಿ ಏರಿಸಿ ಇಳಿಸುವುದು, ಸ್ವಲ್ಪ ಹೊಗೆಯಂತ್ರ ಇಷ್ಟು ಸಾಕು. ಪತ್ರ ಬರೆದರೆ ವಿವರವಾಗಿ ಹೇಳಿಕೊಡುತ್ತೇನೆ.

ಪ್ರಶ್ನೆ: ಅದೇ ಆರು ಜನ ಇಷ್ಟು ವರ್ಷ ಒಡೆಯದೆ ಉಳಿದದ್ದು ಹೇಗೆ?
ಸಾಫ್ಟ್‌ವೇರ್ ಉದ್ಯೋಗಿ, ಸ್ಟುಟ್‌ಗಾರ್ಟ್

ಉತ್ತರ: ಒಡೆಯುವ ಅಂಚಿಗೆ ಹೋಗಿದ್ದರು. 2001ರ 'ಮುಟರ್' ಆಲ್ಬಮ್ ಹೊತ್ತಿಗೆ ಎಲ್ಲದರ ಮೇಲೂ ಕ್ರುಸ್ಪೆಯವರ ಹಿಡಿತ ಬಿಗಿಯಾಗಿ, ಉಳಿದವರಿಗೆ ಉಸಿರುಗಟ್ಟಿತ್ತು. ಕ್ರುಸ್ಪೆ ನ್ಯೂಯಾರ್ಕಿಗೆ ಹೋಗಿ ನೆಲೆಸಿದರು, ತಮ್ಮದೇ ಹಾಡುಗಳಿಗೆ ಎಮಿಗ್ರೇಟ್ ಎಂಬ ಬೇರೆ ತಂಡ ಕಟ್ಟಿಕೊಂಡರು, ರಾಮ್‌ಸ್ಟೈನ್‌ನಲ್ಲೂ ಉಳಿದರು. ಅಷ್ಟು ಜಗಳದ ನಡುವೆ ಹುಟ್ಟಿದ 'ಮುಟರ್' ಅವರ ಅತ್ಯುತ್ತಮ ಆಲ್ಬಮ್ ಎಂಬುದು ನನ್ನ ಅಭಿಪ್ರಾಯ. ಹಾಡುಗಳ ಶ್ರೇಯ ಆರೂ ಜನರ ಹೆಸರಿನಲ್ಲಿ ಹೋಗುತ್ತದೆ. ಯಾರ ಹಾಡು, ಯಾರಿಗೆ ಹೆಚ್ಚು ಹಣ ಎಂಬ ಲೆಕ್ಕದಲ್ಲೇ ಎಷ್ಟೋ ತಂಡಗಳು ಮುಗಿದಿವೆ. ಇಲ್ಲಿ ಆ ಬಾಗಿಲನ್ನೇ ಮುಚ್ಚಿದ್ದಾರೆ. 'ರೋಝೆನ್‌ರೋಟ್' 2005ರಲ್ಲಿ, ಮುಂದಿನದು 2009ರಲ್ಲಿ, ಅದರ ಮುಂದಿನದು 2019ರಲ್ಲಿ, 'ತ್ಸೈಟ್' 2022ರಲ್ಲಿ. ನಡುವಿನ ಆ ಹತ್ತು ವರ್ಷದ ಬಿಡುವನ್ನು ಗಮನಿಸಿ. ಅವಸರದ ಆಲ್ಬಮ್ ಮಾಡಲಿಲ್ಲ.

ಪ್ರಶ್ನೆ: 2023ರಲ್ಲಿ ಗಾಯಕನ ಮೇಲೆ ಬಂದ ಆರೋಪಗಳು ಗೊತ್ತಿದ್ದೂ ಕೇಳುವುದು ಸರಿಯೇ?
ಉಪನ್ಯಾಸಕಿ, ಮಂಗಳೂರು

ಉತ್ತರ: ಗೊತ್ತಿಲ್ಲದವರಿಗಾಗಿ ಮೊದಲು ಸಂಗತಿ. 2023ರ ಮೇ ತಿಂಗಳಲ್ಲಿ ಲಿಥುವೇನಿಯಾದ ವಿಲ್ನಿಯಸ್ ಶೋ ಆದ ಬಳಿಕ ಒಬ್ಬ ಯುವತಿ ಬಹಿರಂಗವಾಗಿ ಮಾತಾಡಿದರು. ಬೆನ್ನಿಗೇ ಹಲವು ಮಹಿಳೆಯರು ಪತ್ರಿಕೆಗಳ ಮುಂದೆ ಬಂದು, ವೇದಿಕೆಯ ಎದುರಿನ ಸಾಲಿಗೆ ಎಳೆಯ ಹೆಣ್ಣುಮಕ್ಕಳನ್ನು ಆರಿಸಿ ತಂದು ಲಿಂಡೆಮನ್ ಇದ್ದ ಪಾರ್ಟಿಗಳಿಗೆ ಕರೆದೊಯ್ಯುತ್ತಿದ್ದರು ಎಂದು ಹೇಳಿದರು. ಲಿಂಡೆಮನ್ ಆರೋಪಗಳನ್ನು ಅಲ್ಲಗಳೆದರು. ಅವರ ಪುಸ್ತಕ ಹೊರತಂದಿದ್ದ ಪ್ರಕಾಶನ ಸಂಸ್ಥೆ ಸಂಬಂಧ ಕಡಿದುಕೊಂಡಿತು. ಬರ್ಲಿನ್ನಿನ ಪ್ರಾಸಿಕ್ಯೂಟರುಗಳು ಜೂನ್‌ನಲ್ಲಿ ಶುರು ಮಾಡಿದ ತನಿಖೆಯನ್ನು ಆಗಸ್ಟ್‌ನಲ್ಲಿ, ಸಾಕಷ್ಟು ಸಾಕ್ಷ್ಯ ಸಿಗಲಿಲ್ಲವೆಂದು ಮುಗಿಸಿದರು.

ಕಾನೂನು ಅಲ್ಲಿಗೆ ನಿಂತಿತು. ನನ್ನ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. ಹಾಡಿನ 'ನಾನು' ಪಾತ್ರ ಎಂದು ಮೇಲೆ ಹುಬ್ಬಳ್ಳಿಯ ತಾಯಿಗೆ ಹೇಳಿದೆ. ಆ ಮಾತು ವೇದಿಕೆಯ ಮೇಲೆ ಮಾತ್ರ ನಡೆಯುತ್ತದೆ. ವೇದಿಕೆಯ ಹಿಂದೆ ಪಾತ್ರ ಇರುವುದಿಲ್ಲ. ಅಲ್ಲಿರುವುದು ಕ್ರೀಡಾಂಗಣ ತುಂಬಿಸುವ ಒಬ್ಬ ಗಂಡಸು ಮತ್ತು ಅವನ ಹಾಡು ಬಾಯಿಪಾಠ ಬರುವ ಇಪ್ಪತ್ತರ ಹುಡುಗಿ, ಅಷ್ಟೇ. ಆ ಇಬ್ಬರ ನಡುವಿನ ಅಂತರ ಎಂಥದ್ದು ಎಂದು ರಂಗದ ಹಿಂದೆ ಕೆಲಸ ಮಾಡಿದ ಯಾವ ಹೆಣ್ಣಿಗೂ ಹೇಳಿಕೊಡಬೇಕಿಲ್ಲ. ಹೆಣ್ಣುಮಕ್ಕಳನ್ನು ಹೀಗೆ ಸಾಲಿಗೆ ಆರಿಸುವ ಪದ್ಧತಿಯೇ ಹೇಸಿಗೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆ ವರ್ಷದ ನಂತರ ನಾನು ಅವರ ಟಿಕೆಟ್ ಕೊಂಡಿಲ್ಲ. ಹಳೆಯ ಆಲ್ಬಮ್‌ಗಳನ್ನು ಕೇಳುತ್ತೇನೆ, ಆದರೆ ಹೆಣ್ಣಿನ ಮೈಯನ್ನು ಬಲಿಯಾಗಿಸುವ ಕೆಲವು ಹಾಡುಗಳನ್ನು ಈಗ ಪಾತ್ರದ ಮಾತು ಎಂದು ಕೇಳಲು ನನ್ನಿಂದ ಆಗುತ್ತಿಲ್ಲ, ದಾಟಿಸಿಬಿಡುತ್ತೇನೆ. ನೀವು ಪೂರ್ತಿ ಬಿಡುವುದಾದರೂ ನಾನು ಒಪ್ಪುತ್ತೇನೆ.

ಪ್ರಶ್ನೆ: ಒಂದೇ ಒಂದು ಹಾಡು ಕೇಳುವುದಾದರೆ ಯಾವುದು?
ನಿವೃತ್ತ ಅಂಚೆ ನೌಕರರು, ಸಾಗರ

ಉತ್ತರ: 2004ರ 'ಓನೆ ಡಿಷ್'. ಬೆಂಕಿ ಇಲ್ಲ, ಅಬ್ಬರ ಇಲ್ಲ. ಅಗಲಿದವರನ್ನು ನೆನೆದು ಕಾಡಿಗೆ ಹೋಗುವವನ ಹಾಡು. ಅದು ಹಿಡಿಸಿದರೆ 'ಮುಟರ್' ಆಲ್ಬಮ್ಮನ್ನು ಮೊದಲ ಹಾಡಿನಿಂದ ಹಿಡಿದು ಕೊನೆಯವರೆಗೆ, ನಡುವೆ ನಿಲ್ಲಿಸದೆ ಕೇಳಿ. ಅದರಲ್ಲಿ 'ಝೋನೆ' ಬಂದಾಗ ಸದ್ದು ಸ್ವಲ್ಪ ಏರಿಸಿ. ಉಕ್ರೇನಿನ ಬಾಕ್ಸರ್ ವಿಟಾಲಿ ಕ್ಲಿಚ್ಕೊ ಅಖಾಡಕ್ಕೆ ಇಳಿಯುವಾಗ ನುಡಿಸಲೆಂದು ಕಟ್ಟಲು ಹೊರಟ ಹಾಡು ಅದು, ಒಂದರಿಂದ ಒಂಬತ್ತರವರೆಗಿನ ಎಣಿಕೆ ಅಲ್ಲಿಂದಲೇ ಬಂದದ್ದು.